ಕಾಡುಹಂದಿ ಸಾಕಣೆ: ಬೇಲಿಯಿಂದ ಮಾಂಸದ ತನಕ, ಮೇವಿನ ಲೆಕ್ಕ ಸಮೇತ

ಕಾಡುಹಂದಿ ಸಾಕ್ಬೇಕು ಅಂತ ಹೊರಟೋರು ಮೊದ್ಲು ಕೇಳೋದು ಒಂದೇ ಪ್ರಶ್ನೆ, ಏನ್ ಹಾಕಿದ್ರೆ ಬೇಗ ತೂಕ ಬರತ್ತೆ. ಅಲ್ಲೇ ಲೆಕ್ಕ ತಪ್ಪೋದು. ಬೇಗ ತೂಕ ಬರೋ ಹಂದಿ ಬೇಕು ಅಂದ್ರೆ ಅದಕ್ಕೆ ಅಂತಲೇ ಮಾಡಿಟ್ಟಿರೋ ಫಾರ್ಮ್ ತಳಿಗಳಿದಾವೆ, ಆರು ತಿಂಗಳಿಗೆ 100 ಕೆಜಿ ಆಗತ್ತೆ, ಅದನ್ನೇ ಸಾಕಿ. ಕಾಡುಹಂದಿ 60-80 ಕೆಜಿ ಮುಟ್ಟೋಕೆ 12ರಿಂದ 18 ತಿಂಗಳು ತಗೊಳತ್ತೆ, ನೀವು ಎಷ್ಟ್ ಸುರಿದ್ರೂ ಅಷ್ಟೇ. ಜಾಸ್ತಿ ಸುರಿದ್ರೆ ನೆಣ ಕಟ್ಟತ್ತೆ, ಅಷ್ಟೇ ಆಗೋದು. ಕೆಂಪಗೆ, ನೆಣ ಕಮ್ಮಿ ಇರೋ ಮಾಂಸಕ್ಕೆ ಅಂತ ತಾನೇ ಜನ ಕಾಡುಹಂದಿ ಕೇಳೋದು, ಅದೇ ಹೋದ್ಮೇಲೆ ಇಷ್ಟೆಲ್ಲ ಬೇಲಿ ಹಾಕಿ ಕಷ್ಟಪಟ್ಟು ಸಾಕಿ ಏನ್ ಪ್ರಯೋಜನ. ಹಾಗಾಗಿ ಈ ಗೈಡ್ ಪೂರ್ತಿ ನಿಧಾನಕ್ಕೆ ಬೆಳೆಸೋದರ ಬಗ್ಗೆ. ಅರ್ಜೆಂಟ್ ಇರೋರಿಗೆ ಈ ಕಸುಬು ಆಗ್ಬರಲ್ಲ.

ಮೊದ್ಲು ಕಾನೂನು ನೋಡಿ, ಹಂದಿ ಆಮೇಲೆ

ಇದನ್ನ ಸ್ಕಿಪ್ ಮಾಡ್ಬೇಡಿ. ಕಾಡುಹಂದಿ ಸಾಕಣೆಗೆ ಒಂದೊಂದ್ ದೇಶದಲ್ಲಿ ಒಂದೊಂದ್ ರೂಲು. ಬ್ರಿಟನ್‌ನಲ್ಲಿ 1976ರ ಅಪಾಯಕಾರಿ ಕಾಡುಪ್ರಾಣಿಗಳ ಕಾಯ್ದೆ ಪ್ರಕಾರ ಲೈಸೆನ್ಸ್ ಬೇಕು. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ, ಕಾಡಿಂದ ಹಿಡಿದು ತಂದು ಸಾಕ್ತೀನಿ ಅಂದ್ರೆ ನೇರ ಕೇಸು. ಕೆನಡಾದಲ್ಲಿ 1980-90ರ ದಶಕದಲ್ಲಿ ರೈತರಿಗೆ ಹೊಸ ಆದಾಯ ಆಗ್ಲಿ ಅಂತ ಯುರೋಪಿಂದ ತರಿಸಿ ಸಾಕಿದ್ರು, ತಪ್ಪಿಸ್ಕೊಂಡಿದ್ದು ಎಷ್ಟೋ, ಮಾರ್ಕೆಟ್ ಬಿದ್ದಾಗ ಬಿಟ್ಟುಬಿಟ್ಟಿದ್ದು ಎಷ್ಟೋ, ಈಗ ಅಲ್ಲಿನ ಬಯಲು ಪ್ರಾಂತ್ಯಗಳಲ್ಲಿ ಅವೇ ದೊಡ್ಡ ಪಿಡುಗು. ಅದಕ್ಕೇ ಅಲ್ಲಿನ ಒಂಟಾರಿಯೊ ಪ್ರಾಂತ್ಯದಲ್ಲಿ 2024ರಿಂದ ಸಾಕೋದೇ ಬ್ಯಾನ್. ಅಂದ್ರೆ ನೀವಿರೋ ಕಡೆ ಸಾಕೋಕೆ, ಸಾಗಿಸೋಕೆ, ಕಡಿಯೋಕೆ, ಮಾರೋಕೆ ನಾಲ್ಕಕ್ಕೂ ಬೇರೆ ಬೇರೆ ಪರ್ಮಿಷನ್ ಬೇಕಾ ಅಂತ ಬರವಣಿಗೆಯಲ್ಲಿ ತಗೊಂಡು ಆಮೇಲೆ ಮುಂದಿನ ಹೆಜ್ಜೆ. ಪರ್ಮಿಷನ್ ಸಿಗಲ್ಲ ಅಂತಾದ್ರೆ ನಾಟಿ ತಳಿ ಹಂದಿನ ಬಯಲಲ್ಲಿ ಬಿಟ್ಟು ಸಾಕಿ, ಈ ಕೆಳಗೆ ಹೇಳೋ ಮೇವಿನ ಲೆಕ್ಕ ಬಹುಪಾಲು ಅದಕ್ಕೂ ಆಗತ್ತೆ. ಎಲ್ಲಿ ಸಾಕಿದ್ರೂ ಸರಿ, ಕಾಡಿಂದ ಹಿಡಿದ ಮರಿ ಮಾತ್ರ ಬೇಡ, ಕಾನೂನು ಒಂದು ಕಡೆ, ಅದು ಹೊತ್ಕೊಂಡು ಬರೋ ರೋಗ ಇನ್ನೊಂದು ಕಡೆ.

ಬೇಲಿ: ಹಂದಿ ಬರೋದಕ್ಕೆ ಮುಂಚೆ, ಪೂರ್ತಿ

ಬಜೆಟ್‌ನಲ್ಲಿ ಅತಿ ದೊಡ್ಡ ಖರ್ಚು ಇದೇ, ಇಲ್ಲಿ ಉಳಿಸೋಕೆ ಹೋದೋರು ಆಮೇಲೆ ಅಕ್ಕಪಕ್ಕದ ಹೊಲದೋರ ಹತ್ರ ಬೈಸ್ಕೊಂಡಿದಾರೆ. ಕಾಡುಹಂದಿ ಅಗೆಯತ್ತೆ, ಎತ್ತತ್ತೆ, ಗುದ್ದತ್ತೆ, ಬೆದರಿದ್ರೆ ಎದೆಮಟ್ಟದ ಬೇಲಿ ಹಾರತ್ತೆ, ಓಡಿದ್ರೆ ಗಂಟೆಗೆ 40 ಕಿಲೋಮೀಟರ್ ಸ್ಪೀಡು. ಅದರ ಶಕ್ತಿಯೆಲ್ಲ ಕುತ್ತಿಗೆ ಮತ್ತೆ ಮೂತಿಯಲ್ಲಿ. ಮೂತಿ ತೂರಿಸೋಕೆ ನಾಲ್ಕು ಬೆರಳು ಜಾಗ ಸಿಕ್ರೆ ಸಾಕು, ಜಾಲರಿನ ಕೆಳಗಿಂದ ಎತ್ತಿ ಸುರುಳಿ ಸುತ್ತಿಬಿಡತ್ತೆ.

ಆದ್ದರಿಂದ ದಪ್ಪ ತಂತಿಯ ಜಾಲರಿ, ನೆಲದಿಂದ ಕಮ್ಮಿ ಅಂದ್ರೂ 1.5 ಮೀಟರ್ ಎತ್ತರ, 1.8 ಇದ್ರೆ ನಿಶ್ಚಿಂತೆ. ಕೆಳಗಡೆ 40-50 ಸೆಂಟಿಮೀಟರ್ ಮಣ್ಣಲ್ಲಿ ಹೂತಿರ್ಬೇಕು, ಹೂಳೋಕೆ ಆಗದ ಕಲ್ಲುನೆಲ ಆದ್ರೆ ಜಾಲರಿನ ಒಳಗಡೆಗೆ ಮಡಚಿ ನೆಲದ ಮೇಲೆ ಹಾಸಿ ಗೂಟ ಹೊಡೀರಿ. ಬೇಲಿಯ ಒಳಮೈಗೆ ಒಂದು ಅಡಿ ಈಚೆ ಎರಡು ಕರೆಂಟ್ ತಂತಿ, ಒಂದು ನೆಲದಿಂದ 20-25 ಸೆಂಟಿಮೀಟರಿಗೆ, ಇನ್ನೊಂದು 50-60ಕ್ಕೆ. ಮೆಯಿನ್ ಲೈನಿಂದ ನೇರ ಕರೆಂಟ್ ಕೊಡೋ ಹುಚ್ಚು ಕೆಲಸ ಯಾವತ್ತೂ ಬೇಡ, ಜನ ಸಾಯ್ತಾರೆ. ಬೇಲಿಗೆ ಅಂತ ಬರೋ ಝಟ್ಕಾ ಮಷೀನೇ ಹಾಕಿ, ತಂತಿ ಮೇಲೆ 4000 ವೋಲ್ಟಿಗಿಂತ ಜಾಸ್ತಿ ತೋರಿಸ್ಬೇಕು, ವಾರಕ್ಕೊಂದ್ಸಲ ಟೆಸ್ಟರ್ ಇಟ್ಟು ನೋಡ್ತಿರಿ, ಹುಲ್ಲು ಬೆಳೆದು ತಂತಿಗೆ ತಾಗಿದ್ರೆ ಅಲ್ಲೇ ಲೀಕ್ ಆಗಿ ಝಟ್ಕಾ ಸತ್ತೋಗಿರತ್ತೆ.

ಹೊಸ ಹಂದಿಗೆ ಕರೆಂಟ್ ಬೇಲಿ ಅಂದ್ರೇನು ಅಂತ ಗೊತ್ತಿರಲ್ಲ, ಮೂತಿಗೆ ಹೊಡೆದ ತಕ್ಷಣ ಹಿಂದಕ್ಕೆ ಬರೋ ಬದಲು ಮುಂದಕ್ಕೇ ನುಗ್ಗತ್ತೆ. ಅದಕ್ಕೆ ಮೊದ್ಲು ಗಟ್ಟಿ ಗೋಡೆ ಇರೋ ಚಿಕ್ಕ ದೊಡ್ಡಿಯೊಳಗೆ ಒಂದು ತಂತಿ ಕಟ್ಟಿ ಎರಡು ವಾರ ಪಾಠ ಮಾಡಿಸಿ ಆಮೇಲೆ ಬಯಲಿಗೆ ಬಿಡಿ. ಆಮೇಲೆ ಗೇಟು. ನನ್ನ ಎರಡು ಮರಿ ಮೊದಲ ತಿಂಗಳೇ ಹೋಗಿದ್ದು ಗೇಟಿನ ಅಡಿಯಿಂದ, ಸುತ್ತ ಎಲ್ಲ ಹೂತು ಗೇಟ್ ಕೆಳಗೆ ಮಾತ್ರ ಬರೀ ಮಣ್ಣು ಬಿಟ್ಟಿದ್ದೆ, ರಾತ್ರಿ ಮಳೆ ಬಂದು ಮಣ್ಣು ಮೆತ್ತಗಾಗಿತ್ತು, ಬೆಳಿಗ್ಗೆ ನೋಡಿದ್ರೆ ಬೋಗುಣಿ ಥರ ಗುಂಡಿ. ಗೇಟಿನ ಕೆಳಗೆ ಕಾಂಕ್ರೀಟ್ ಪಟ್ಟಿ ಹಾಕಿಸಿ. ಸಾಧ್ಯ ಆದ್ರೆ ಎರಡು ಗೇಟು, ಮಧ್ಯೆ ನೀವು ನಿಲ್ಲೋಷ್ಟು ಜಾಗ.

ಜಾಗ, ನೆರಳು, ಕೆಸರು

ಒಂದೇ ದೊಡ್ಡ ಬಯಲಿಗಿಂತ ಮೂರ್ನಾಲ್ಕು ಭಾಗ ಮಾಡಿದ ಬಯಲು ಒಳ್ಳೇದು. ನನ್ನ ಲೆಕ್ಕ ಎಕರೆಗೆ ನಾಲ್ಕೈದು ದೊಡ್ಡ ಹಂದಿ, ಅದೂ ಭಾಗ ಬದಲಾಯಿಸ್ತಾ ಇದ್ರೆ. ಹಂದಿ ನೆಲ ಉಳುತ್ತೆ, ಅದು ಅದರ ಹುಟ್ಟುಗುಣ, ಮೂಗಿಗೆ ರಿಂಗ್ ಹಾಕಿ ನಿಲ್ಲಿಸೋರಿದಾರೆ, ನಂಗದು ಇಷ್ಟ ಇಲ್ಲ. ಉಳೋದ್ರಿಂದಲೇ ಬೇರು, ಗೆಡ್ಡೆ, ಹುಳ ತಿಂದು ಮೈ ಗಟ್ಟಿ ಆಗೋದು. ಒಂದು ಭಾಗ ಪೂರ್ತಿ ಕೆದರಿದ ಮೇಲೆ ಮುಂದಿನದಕ್ಕೆ ಬಿಟ್ಟು, ಇಲ್ಲಿ ಹುಲ್ಲೋ ಕುದುರೆಮೆಂತ್ಯವೋ ಬಿತ್ತಿ ಬಿಡಿ. ಮರಗಳಿದ್ರೆ ಬುಡಕ್ಕೆ ಜಾಲರಿ ಸುತ್ತಿ, ಇಲ್ಲ ಅಂದ್ರೆ ತೊಗಟೆ ಉಜ್ಜಿ ಉಜ್ಜಿ ಮರಾನೇ ಒಣಗತ್ತೆ.

ಹಂದಿ ಬೆವರಲ್ಲ. ಬಿಸಿಲು ಜಾಸ್ತಿ ಆದ್ರೆ ಮೈ ತಣ್ಣಗೆ ಮಾಡ್ಕೊಳ್ಳೋಕೆ ಅದಕ್ಕೆ ಕೆಸರೇ ಮುಖ್ಯ ದಾರಿ, ಮೈಗೆ ಮೆತ್ತಿದ ಕೆಸರು ಒಣಗಿ ಉದುರುವಾಗ ಉಣ್ಣೆ, ಹೇನೂ ಒಂದಿಷ್ಟು ಉದುರತ್ತೆ. ಅದಕ್ಕೆ ನೆರಳಲ್ಲಿ ಒಂದು ಗುಂಡಿ, ಅರ್ಧ ಮೀಟರ್ ಆಳ ಸಾಕು. ಕುಡಿಯೋ ನೀರು ಮಾತ್ರ ಇದರಿಂದ ದೂರ ಇರ್ಲಿ, ಅದನ್ನೂ ಕೆಸರು ಮಾಡಿಬಿಡ್ತವೆ, ಬಾಯಲ್ಲಿ ಒತ್ತಿದಾಗ ಮಾತ್ರ ನೀರು ಬರೋ ನಿಪ್ಪಲ್ ಹಾಕಿದ್ರೆ ಚೊಕ್ಕ. ಬೆಳೆಯೋ ಹಂದಿಗೆ ದಿನಕ್ಕೆ 5-10 ಲೀಟರ್, ಹಾಲೂಡೋ ತಾಯಿಗೆ 20 ಲೀಟರ್ ಅಥವಾ ಅದಕ್ಕಿಂತ ಜಾಸ್ತಿ.

ನೀರಿನ ಬಗ್ಗೆ ಒಂದು ವಿಷಯ ಎಷ್ಟೋ ಜನಕ್ಕೆ ಗೊತ್ತೇ ಇಲ್ಲ. ಪೈಪ್ ಕಟ್ಟಿಯೋ ಮೋಟರ್ ಕೆಟ್ಟೋ ಒಂದೂವರೆ ಎರಡು ದಿನ ನೀರು ಸಿಗದೆ ಮೇವು ಮಾತ್ರ ತಿಂದ್ರೆ ಮೈಯಲ್ಲಿ ಉಪ್ಪು ಏರಿ ಮಿದುಳಿಗೆ ಪೆಟ್ಟು ಬೀಳತ್ತೆ, ಹಂದಿ ಕಣ್ಣು ಕಾಣದ ಹಾಗೆ ಗೋಡೆಗೆ ತಲೆ ಒತ್ಕೊಂಡು ನಿಲ್ಲತ್ತೆ, ಫಿಟ್ಸ್ ಬರತ್ತೆ. ಆಗ ಪಾಪ ಅಂತ ಒಂದೇ ಸಲ ಬಕೆಟ್ ಗಟ್ಲೆ ನೀರು ಇಟ್ರೆ ಮಿದುಳು ಊದಿ ಸಾಯತ್ತೆ, ಸ್ವಲ್ಪ ಸ್ವಲ್ಪವೇ ಕೊಡ್ತಾ ಡಾಕ್ಟರನ್ನ ಕರೀರಿ.

ತಳಿ: ಶುದ್ಧನಾ, ಕ್ರಾಸಾ

ಕಾಡುಹಂದಿ, ನಾಡಹಂದಿ ಎರಡೂ ಒಂದೇ ಜಾತಿ, ಕೂಡಿದ್ರೆ ಮರಿ ಆಗತ್ತೆ, ಆ ಮರಿಗಳಿಗೂ ಮರಿ ಆಗತ್ತೆ. ಪಶ್ಚಿಮ ಯುರೋಪಿನ ಕಾಡುಹಂದಿಗೆ 36 ಕ್ರೋಮೋಸೋಮು, ನಾಡಹಂದಿಗೆ 38, ಕ್ರಾಸ್‌ಗೆ 37, ಲೈಸೆನ್ಸ್ ಕೊಡೋ ಕೆಲವು ಕಡೆ ಶುದ್ಧನಾ ಅಲ್ವಾ ಅಂತ ಇದನ್ನೂ ಪರೀಕ್ಷೆ ಮಾಡ್ತಾರೆ. ಕ್ರಾಸ್ ಬೇಗ ಬೆಳೆಯತ್ತೆ, ಮರಿ ಜಾಸ್ತಿ ಹಾಕತ್ತೆ, ಸ್ವಭಾವನೂ ಸ್ವಲ್ಪ ಸಾಧು, ಆದ್ರೆ ನೆಣ ಜಾಸ್ತಿ, ಮಾಂಸದ ಬಣ್ಣ ತಿಳಿ. ಕಲಿಯೋರಿಗೆ ಕ್ರಾಸೇ ಸುಲಭ, ಆದ್ರೆ ಮಾರುವಾಗ ಕ್ರಾಸ್ ಅಂತ ಹೇಳೇ ಮಾರಿ. ಒಂದು ಗಂಡಿಗೆ ಐದಾರು ಹೆಣ್ಣು ಸಾಕು, ಗಂಡನ್ನ ಬೇರೆ ಕಡೆಯಿಂದ ತನ್ನಿ, ಒಂದೇ ತಾಯಿಯ ಮಕ್ಕಳನ್ನ ಕೂಡಿಸ್ತಾ ಹೋದ್ರೆ ಎರಡು ತಲೆಮಾರಿಗೆ ಮರಿ ಸಂಖ್ಯೆ ಇಳಿಯೋದು ಕಣ್ಣಿಗೇ ಕಾಣತ್ತೆ. ಹೊಸದಾಗಿ ಬಂದಿದ್ದನ್ನ 30 ದಿನ ಬೇರೆ ಇಡಿ, ಬೇರೆ ಬೂಟು, ಬೇರೆ ಬಕೆಟ್ಟು.

ಮೇವು: ಇಲ್ಲೇ ಇರೋದು ಅಸಲು ಕೆಲಸ

ಕಾಡಲ್ಲಿ ಇದು ತಿನ್ನೋದರಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಸಸ್ಯನೇ, ಬೇರು, ಗೆಡ್ಡೆ, ಬಿದ್ದ ಹಣ್ಣು, ಬೀಜ, ಹುಲ್ಲು. ಉಳಿದಿದ್ದು ಎರೆಹುಳ, ಹುಳು, ಹಾವು, ಮೊಟ್ಟೆ, ಸತ್ತಿದ್ದು ಎಲ್ಲ. ದಿನದ ಬಹುಪಾಲು ಹೊಟ್ಟೆಗೆ ಹುಡುಕೋದರಲ್ಲೇ ಕಳೆಯತ್ತೆ. ನಾವು ಎರಡು ಹೊತ್ತು ತೊಟ್ಟಿಗೆ ಸುರಿದ್ರೆ ಹತ್ತು ನಿಮಿಷಕ್ಕೆ ಮುಗಿಸಿ ಇಡೀ ದಿನ ಏನ್ ಮಾಡತ್ತೆ ಹೇಳಿ, ಬೇಲಿ ಹತ್ರ ಹೋಗತ್ತೆ. ಹಾಗಾಗಿ ಮೇವು ಕೊಡೋದು ಅಂದ್ರೆ ಹೊಟ್ಟೆಗೂ ಕೊಡೋದು, ಕೆಲಸಾನೂ ಕೊಡೋದು.

ನಾನು ಮಾಡೋ ಪದ್ಧತಿ ಹೀಗೆ, ತೂಕಕ್ಕೆ ಬೇಕಾದ ಪ್ರೋಟೀನು ಮಿನರಲ್ಲು ಎಲ್ಲ ಹಿಟ್ಟಿನ ಮೇವಲ್ಲಿ, ಅದನ್ನ ಅಳೆದು ಹಾಕೋದು. ಹೊಟ್ಟೆ ತುಂಬಿಸೋಕೆ ಹಸಿರು, ಕುಂಬಳ, ಗೆಣಸು, ಬೀಟ್ರೂಟ್, ಬಿದ್ದ ಹಣ್ಣು, ಹುಲ್ಲು, ಇದಕ್ಕೆ ಅಳತೆ ಇಲ್ಲ. ಜೊತೆಗೆ ದಿನಾ ಒಂದೆರಡು ಹಿಡಿ ಇಡೀ ಕಾಳು ಬಯಲಿಗೆ ಬೀಸಿ ಎರಚೋದು, ಅದನ್ನ ಹುಡುಕ್ಕೊಂಡು ಗಂಟೆಗಟ್ಲೆ ಓಡಾಡ್ತವೆ.

ಹಿಟ್ಟಿನ ಮೇವಿನ ಪ್ರಮಾಣ ಇಷ್ಟು. ತಾಯಿ ಹಾಲು ಕುಡಿಯೋ ಮರಿಗೆ ಮೂರನೇ ವಾರದಿಂದ ಚೂರು ಚೂರು ರುಚಿ ತೋರಿಸೋ ಮೇವು, ಪ್ರೋಟೀನ್ 18-20 ಪರ್ಸೆಂಟ್. ಇದನ್ನ ಮರಿ ಮಾತ್ರ ನುಸುಳೋ ಹಾಗೆ ಕಂಬಿ ಹಾಕಿದ ಮೂಲೇಲಿ ಇಡ್ಬೇಕು, ಇಲ್ಲ ಅಂದ್ರೆ ತಾಯೇ ಮುಗಿಸತ್ತೆ. ಹಾಲು ಬಿಡಿಸಿದ ಮೇಲೆ 30 ಕೆಜಿ ತನಕ 16 ಪರ್ಸೆಂಟ್, ದಿನಕ್ಕೆ ಮುಕ್ಕಾಲು ಕೆಜಿಯಿಂದ ಒಂದು ಕೆಜಿ. ಅಲ್ಲಿಂದ ಕಡಿಯೋ ತನಕ 13 ಪರ್ಸೆಂಟ್, ಒಂದೂವರೆ ಕೆಜಿ ಆಸುಪಾಸು, ಹಸಿರು ಚೆನ್ನಾಗಿ ಇದ್ರೆ ಇನ್ನೂ ಕಮ್ಮಿ ಮಾಡಬಹುದು. ಖಾಲಿ ಇರೋ ಹೆಣ್ಣು, ಗಬ್ಬದ ಮೊದಲ ಎರಡು ತಿಂಗಳಲ್ಲಿರೋ ಹೆಣ್ಣು, ದೊಡ್ಡ ಗಂಡು, ಇವಕ್ಕೆಲ್ಲ ಒಂದೂವರೆಯಿಂದ ಎರಡು ಕೆಜಿ. ಹಾಲೂಡೋ ತಾಯಿಗೆ ಎರಡು ಕೆಜಿ ಅದರದ್ದು, ಮೇಲೆ ಒಂದೊಂದು ಮರಿಗೆ 300 ಗ್ರಾಂ, ಅಂದ್ರೆ ಐದು ಮರಿ ಇದ್ರೆ ಮೂರೂವರೆ ಕೆಜಿ. ಇದರಲ್ಲಿ ಜಿಪುಣತನ ಮಾಡಿದ್ರೆ ತಾಯಿ ಮೈ ಕರಗಿಸಿ ಹಾಲು ಕೊಡತ್ತೆ, ಮುಂದಿನ ಬೆದೆ ತಪ್ಪಿಸತ್ತೆ.

ಈಗ ಮಿಕ್ಸ್ ಹೇಗೆ ಮಾಡೋದು. ಪೇಪರ್ ಪೆನ್ ಸಾಕು. ಎರಡು ಪಾಲು ಮೆಕ್ಕೆಜೋಳ, ಒಂದು ಪಾಲು ಗೋಧಿ ಬೂಸಾ ಅಂತ ಇಟ್ಕೊಳ್ಳಿ. ಮೆಕ್ಕೆಜೋಳದಲ್ಲಿ ಪ್ರೋಟೀನ್ ಸುಮಾರು 9, ಬೂಸಾದಲ್ಲಿ 15, ಎರಡು ಸೇರಿ ಸರಾಸರಿ 11. ಸೋಯಾ ಹಿಂಡಿಯಲ್ಲಿ 45. ನಮಗೆ ಬೇಕಾಗಿರೋದು 16. ಸೋಯಾದ 45ರಲ್ಲಿ 16 ಕಳೆದ್ರೆ 29, ಅದು ಕಾಳು-ಬೂಸಾದ ಪಾಲು. 16ರಲ್ಲಿ 11 ಕಳೆದ್ರೆ 5, ಅದು ಸೋಯಾದ ಪಾಲು. ಒಟ್ಟು 34 ಪಾಲಲ್ಲಿ 5 ಪಾಲು ಅಂದ್ರೆ 100 ಕೆಜಿಗೆ ಹತ್ರ ಹತ್ರ 15 ಕೆಜಿ ಸೋಯಾ, ಉಳಿದ 85ರಲ್ಲಿ ಮೆಕ್ಕೆಜೋಳ 57, ಬೂಸಾ 28. ಇದೇ ಲೆಕ್ಕ 13 ಪರ್ಸೆಂಟಿಗೆ ಹಾಕಿ ನೋಡಿ, ಸೋಯಾ ಬರೀ 6 ಕೆಜಿಗೆ ಇಳಿಯತ್ತೆ. ಹಂದಿ ದೊಡ್ಡದಾದ ಹಾಗೆ ಮೇವು ಅಗ್ಗ ಆಗ್ಬೇಕು, ದೊಡ್ಡದಕ್ಕೂ ಮರಿ ಮೇವೇ ಹಾಕ್ತಾ ಇದ್ರೆ ಸೋಯಾ ದುಡ್ಡು ಉಚ್ಚೆಯಲ್ಲಿ ಹೋಗತ್ತೆ. ಇದರ ಮೇಲೆ 100 ಕೆಜಿಗೆ 2 ಕೆಜಿ ಮಿನರಲ್ ಮಿಕ್ಸ್, ಅರ್ಧ ಕೆಜಿ ಉಪ್ಪು. ಮಿನರಲ್ ಮಿಕ್ಸಲ್ಲೇ ಉಪ್ಪು ಸೇರಿದ್ಯಾ ಅಂತ ಪ್ಯಾಕೆಟ್ ಓದಿ, ಎರಡು ಸಲ ಬಿದ್ರೆ ಮೇಲೆ ಹೇಳಿದ ನೀರಿನ ತಾಪತ್ರಯ ಇನ್ನೂ ಬೇಗ ಬರತ್ತೆ. ಸೋಯಾ ಇಲ್ಲ, ಬೇರೆ ಹಿಂಡಿ ಹಾಕ್ತೀನಿ ಅಂದ್ರೆ ಪ್ರೋಟೀನ್ ನಂಬರ್ ಮಾತ್ರ ನೋಡ್ಬೇಡಿ, ಹಂದಿಗೆ ಮೊದಲು ಕೊರತೆ ಬೀಳೋದು ಲೈಸಿನ್ ಅನ್ನೋ ಪ್ರೋಟೀನಿನ ಅಂಶ (ಅಮೈನೋ ಆಮ್ಲ), ಸೋಯಾದಲ್ಲಿ ಅದು ಜಾಸ್ತಿ, ಎಳ್ಳಿನ ಹಿಂಡಿ ಸೂರ್ಯಕಾಂತಿ ಹಿಂಡಿಯಲ್ಲಿ ಕಮ್ಮಿ.

ಖರ್ಚಿನ ಲೆಕ್ಕಕ್ಕೆ ಒಂದು ಮಾತು, ಫಾರ್ಮ್ ಹಂದಿ ಒಂದು ಕೆಜಿ ಮೈ ಹಿಡಿಯೋಕೆ ಮೂರು ಕೆಜಿ ಒಳಗೆ ಮೇವು ತಗೊಳತ್ತೆ, ಕಾಡುಹಂದಿಗೆ ನಾಲ್ಕೈದು ಕೆಜಿ ಅಂತ ಬರ್ಕೊಳ್ಳಿ. ಬಯಲು, ಹಸಿರು, ಬಿದ್ದ ಹಣ್ಣು ಇಲ್ಲದೆ ಬರೀ ಕೊಂಡ ಮೇವಲ್ಲೇ ಸಾಕಿದ್ರೆ ಗಿಟ್ಟಲ್ಲ.

ತೊಟ್ಟಿ ಒಂದೇ ಇದ್ರೆ ದೊಡ್ಡದು ನಿಂತು ತಿಂತಾ ಇರತ್ತೆ, ಚಿಕ್ಕದು ಹಿಂದೆ ಸುಳಿದಾಡ್ತಾ ಇರತ್ತೆ, ಒಂದೇ ವಯಸ್ಸಿನ ಮರಿಗಳಲ್ಲಿ ಒಂದು 50 ಕೆಜಿ ಇನ್ನೊಂದು 30 ಕೆಜಿ ಆಗೋದು ಹೀಗೇ. ಉದ್ದಕ್ಕೆ ಸಾಲಾಗಿ ಹಾಕಿ, ತಲೆಗೆ ಒಂದೂಕಾಲು ಅಡಿ ಜಾಗ ಬರ್ಬೇಕು. ಅರ್ಧ ಗಂಟೆ ಆದ್ಮೇಲೆ ಹೋಗಿ ನೋಡಿ, ಮಿಕ್ಕಿದ್ರೆ ನಾಳೆ ಕಮ್ಮಿ ಮಾಡಿ. ಸೊಂಟದ ಎಲುಬು ಕಣ್ಣಿಗೆ ಕಂಡ್ರೆ ಸಣ್ಣ, ಒತ್ತಿದ್ರೆ ಕೈಗೆ ಸಿಕ್ರೆ ಸರಿ, ಎಷ್ಟ್ ಒತ್ತಿದ್ರೂ ಸಿಗಲಿಲ್ಲ ಅಂದ್ರೆ ನೆಣ ಬಿದ್ದಾಗಿದೆ. ಮುಟ್ಟೋಕೆ ಬಿಡದ ಹಂದಿಗೆ ಹಿಂದಿಂದ ನೋಡಿ, ಬೆನ್ನು ಚಪ್ಪಟೆ ಆಗಿ ಬಾಲದ ಬುಡ ಮುಳುಗಿದ್ರೆ ಮೇವು ಇಳಿಸೋ ಟೈಮು.

ಮತ್ತೆ ಒಂದು ಸಣ್ಣ ಟ್ರಿಕ್ಕು, ಆಮೇಲೆ ಇದರ ಬೆಲೆ ಗೊತ್ತಾಗತ್ತೆ: ದಿನದ ಒಂದು ಹೊತ್ತಿನ ಮೇವನ್ನ ಯಾವಾಗ್ಲೂ ಗೇಟಿರೋ ಚಿಕ್ಕ ದೊಡ್ಡಿಯೊಳಗೇ ಹಾಕಿ, ಅದೇ ಟೈಮು, ಅದೇ ಬಕೆಟ್ ಸದ್ದು, ಅದೇ ಕೂಗು.

ಹಾಕಬಾರದ್ದು

ಹೋಟೆಲ್ ಮುಸುರೆ. ಬಿಟ್ಟಿ ಸಿಗತ್ತೆ ಅಂತ ಎಲ್ಲರೂ ಹೋಗೋ ಮೊದಲ ಜಾಗ ಅದೇ. ಬೇಯಿಸದ ಮುಸುರೆಯಲ್ಲಿ ಒಂದು ಚೂರು ರೋಗದ ಹಂದಿ ಮಾಂಸ ಇದ್ರೂ ಇಡೀ ಹಿಂಡು ಹೋಗತ್ತೆ. 2001ರಲ್ಲಿ ಬ್ರಿಟನ್‌ನಲ್ಲಿ ಕಾಲುಬಾಯಿ ರೋಗ ಎದ್ದು ಲಕ್ಷಗಟ್ಲೆ ದನ ಕುರಿ ಕೊಂದರಲ್ಲ, ತನಿಖೆಯಲ್ಲಿ ಅದರ ಮೂಲ ಅಂತ ಗುರುತಿಸಿದ್ದು ಸರಿಯಾಗಿ ಬೇಯಿಸದ ಮುಸುರೆ ತಿನ್ನಿಸ್ತಿದ್ದ ಒಂದು ಹಂದಿ ಫಾರ್ಮನ್ನ. ಆಮೇಲೆ ಯುರೋಪಲ್ಲಿ ಮುಸುರೆ ಪೂರ್ತಿ ನಿಷೇಧ. ಅನುಮತಿ ಇರೋ ಕಡೆ ಕೂಡ ಕುದಿಯೋ ಬಿಸಿಯಲ್ಲಿ 30 ನಿಮಿಷ ಕಲಕ್ತಾ ಬೇಯಿಸ್ಬೇಕು, ಹಸಿ ಮುಸುರೆ ತಂದ ಪಾತ್ರೆಯಲ್ಲೇ ಬೆಂದಿದ್ದನ್ನ ಹಾಕಿದ್ರೆ ಬೇಯಿಸಿದ್ದು ದಂಡ. ನನ್ನ ಮಾತು ಕೇಳೋದಾದ್ರೆ ಆ ಕಡೆ ಹೋಗ್ಲೇಬೇಡಿ.

ಎರಡನೇದು ಬೂಷ್ಟು ಹಿಡಿದ ಕಾಳು. ಒಂದ್ಸಲ ವ್ಯಾಪಾರಿಯೊಬ್ಬರು ಮಳೆಗೆ ನೆನೆದಿದ್ದ ಮೆಕ್ಕೆಜೋಳ ಅರ್ಧ ರೇಟಿಗೆ ಕೊಟ್ರು, ಒಣಗಿಸಿದ್ರೆ ಆಯ್ತು ಅಂತ ನಾನೂ ತಗೊಂಡೆ. ಕೈಗೆತ್ಕೊಂಡ್ರೆ ಕೆಲವು ಕಾಳಿನ ತುದಿ ನಸುಗೆಂಪು, ಮೂಸಿದ್ರೆ ಹಳೇ ಗೋಣಿಚೀಲದ ವಾಸನೆ, ಅಷ್ಟೇ, ಬೇರೇನಿಲ್ಲ. ವಾರದಲ್ಲಿ ನಾಲ್ಕೈದು ತಿಂಗಳಿನ ಹೆಣ್ಣು ಮರಿಗಳ ಹಿಂಭಾಗ ಕೆಂಪಗೆ ಊದ್ಕೊಳ್ತು, ನೋಡಿದ್ರೆ ಬೆದೆಗೆ ಬಂದ ಹಾಗೆ, ಆ ವಯಸ್ಸಿಗೆ ಎಲ್ಲಿಯ ಬೆದೆ. ಕಾಳಿನ ಶಿಲೀಂಧ್ರ ಮಾಡೋ ಜಿಯರಲೆನೋನ್ ಅನ್ನೋ ವಿಷ ಹೆಣ್ಣು ಹಾರ್ಮೋನ್ ಥರ ಕೆಲಸ ಮಾಡತ್ತೆ ಅಂತ ಡಾಕ್ಟರ್ ಹೇಳಿದ್ಮೇಲೆ ಗೊತ್ತಾಯ್ತು. ಮೇವು ನಿಲ್ಲಿಸಿದ ಮೇಲೆ ಊತ ಇಳೀತು, ಗಬ್ಬದ ಹೆಣ್ಣುಗಳು ಅದನ್ನ ತಿಂದಿರಲಿಲ್ಲ ಅನ್ನೋದು ನನ್ನ ಪುಣ್ಯ. ಒಣಗಿಸಿದ್ರೂ ಬೇಯಿಸಿದ್ರೂ ಈ ವಿಷ ಹೋಗಲ್ಲ.

ಉಳಿದಿದ್ದು ಚುಟುಕಾಗಿ: ಹಸಿ ಸೋಯಾಕಾಳು ಜೀರ್ಣ ಆಗಲ್ಲ, ಹುರಿದು ಕೊಡಿ. ಹಸಿರು ತಿರುಗಿದ ಆಲೂಗಡ್ಡೆ, ಹಸಿ ಮರಗೆಣಸು, ಹರಳು ಹಿಂಡಿ ಮೂರೂ ವಿಷ. ಹತ್ತಿಬೀಜದ ಹಿಂಡಿ ಬೇಡ. ಮೀನಿನ ಪುಡಿ ಮರಿಗೆ ಒಳ್ಳೇದೇ, ಆದ್ರೆ ಹಂದಿ ತಿಂದ ಎಣ್ಣೆ ಹಾಗೇ ಅದರ ನೆಣಕ್ಕೆ ಹೋಗತ್ತೆ, ಕೊನೇ ಒಂದೆರಡು ತಿಂಗಳು ಮೀನು ತಿಂದ ಹಂದಿ ಬಾಣಲೆಯಲ್ಲಿ ಮೀನಿನ ವಾಸನೆ ಹೊಡೆಯತ್ತೆ. ಎಣ್ಣೆ ತೆಗೆಯದ ಅಕ್ಕಿ ತೌಡು ಜಾಸ್ತಿ ಆದ್ರೆ ನೆಣ ಮೆತ್ತಗೆ, ಕೈಗೆ ಅಂಟೋ ಹಾಗಾಗತ್ತೆ.

ಬೆದೆ, ಗಬ್ಬ, ಮರಿ

ಹೆಣ್ಣಿಗೆ 21 ದಿನಕ್ಕೊಂದ್ಸಲ ಬೆದೆ, ಆದ್ರೆ ಕಾಡುಹಂದಿ ನಾಡಹಂದಿ ಥರ ವರ್ಷಪೂರ್ತಿ ಅಲ್ಲ, ಕಾಲ ನೋಡ್ಕೊಂಡು ಬರತ್ತೆ, ವರ್ಷಕ್ಕೆ ಒಂದು ಸೂಲು ಅಂತಲೇ ಲೆಕ್ಕ ಇಡಿ. ಗಬ್ಬ ಸುಮಾರು 115 ದಿನ, ಮೂರು ತಿಂಗಳು ಮೂರು ವಾರ ಮೂರು ದಿನ ಅಂತ ನೆನಪಿಟ್ಕೊಳ್ಳಿ. ನಾಲ್ಕರಿಂದ ಆರು ಮರಿ. ಹತ್ತು ಹನ್ನೆರಡು ಮರಿ ಕನಸು ಕಾಣೋರು ಇಲ್ಲೇ ಲೆಕ್ಕ ತಿದ್ಕೊಳ್ಳಿ.

ಮರಿ ಹಾಕೋಕೆ ಒಂದೆರಡು ದಿನ ಮುಂಚೆ ತಾಯಿ ಗುಂಪು ಬಿಟ್ಟು ಹೋಗತ್ತೆ, ಬಾಯಲ್ಲಿ ಹುಲ್ಲು ಕಡ್ಡಿ ಕಚ್ಕೊಂಡು ಹೊತ್ತು ತಂದು ಗುಂಡಿ ತೋಡಿ ಗೂಡು ಮಾಡತ್ತೆ. ಆಗ ನಿಮ್ಮ ಕೆಲಸ ಒಣಹುಲ್ಲು ಜಾಸ್ತಿ ಹಾಕಿ ದೂರ ಹೋಗೋದು. ನೋಡ್ಬೇಕು ಅಂತ ಹತ್ರ ಹೋದ್ರೆ ಒಂದೋ ನಿಮ್ಮ ಮೇಲೆ ಬರತ್ತೆ, ಇಲ್ಲ ಗಾಬರಿಯಲ್ಲಿ ಮರಿನೇ ತುಳಿಯತ್ತೆ. ಮರಿ ಹಾಕಿ ಒಂದು ವಾರದ ತನಕ ದೂರದಿಂದಲೇ ಎಣಿಸಿ. ಮೈಮೇಲೆ ಹಳದಿ ಕಂದು ಪಟ್ಟೆ ಇರತ್ತೆ, ನಾಲ್ಕೈದು ತಿಂಗಳಿಗೆ ಮಾಯ. ಮಣ್ಣಲ್ಲಿ ಬೆಳೆಯೋ ಮರಿಗೆ ಕಬ್ಬಿಣ ಮಣ್ಣಿಂದಲೇ ಸಿಗತ್ತೆ, ಸಿಮೆಂಟ್ ನೆಲದಲ್ಲಿ ಹುಟ್ಟಿದ್ರೆ ಮೂರನೇ ದಿನದ ಹೊತ್ತಿಗೆ ಕಬ್ಬಿಣದ ಇಂಜೆಕ್ಷನ್ ಬೇಕು. ಹಾಲು ಬಿಡಿಸೋದು 8ರಿಂದ 12 ವಾರಕ್ಕೆ. ಬಿಡಿಸುವಾಗ ತಾಯಿನ ಎತ್ತಿ ಬೇರೆ ಕಡೆ ಹಾಕಿ, ಮರಿ ಇದ್ದಲ್ಲೇ ಇರ್ಲಿ, ಜಾಗಾನೂ ತಾಯಿನೂ ಒಟ್ಟಿಗೆ ಕಳ್ಕೊಂಡ್ರೆ ತಿನ್ನೋದೇ ಬಿಡ್ತವೆ.

ರೋಗ

ಆಫ್ರಿಕನ್ ಹಂದಿ ಜ್ವರ ಒಂದೇ ಸಾಕು ಎಲ್ಲ ಮುಗಿಸೋಕೆ. 2007ರಲ್ಲಿ ಜಾರ್ಜಿಯಾ ದೇಶಕ್ಕೆ ಬಂತು, 2018ಕ್ಕೆ ಚೀನಾ, 2020ಕ್ಕೆ ಭಾರತ. ಮನುಷ್ಯರಿಗೆ ಬರಲ್ಲ, ಆದ್ರೆ ಹಂದಿಗೆ ಔಷಧಿ ಇಲ್ಲ, ವೈರಸ್ಸು ಬೂಟಿಗೆ, ಟೈರಿಗೆ ಅಂಟ್ಕೊಂಡು ಬರತ್ತೆ, ಫ್ರೀಜ್ ಮಾಡಿದ ಮಾಂಸದಲ್ಲಿ ತಿಂಗಳುಗಟ್ಲೆ ಬದುಕತ್ತೆ. ಇದ್ದಕ್ಕಿದ್ದ ಹಾಗೆ ಜ್ವರ ಬಂದು, ಕಿವಿ ಹೊಟ್ಟೆ ನೀಲಿ ತಿರುಗಿ ಎರಡು ಮೂರು ಸತ್ರೆ, ಕೂಯ್ದು ನೋಡ್ಬೇಡಿ, ಮಾರ್ಬೇಡಿ, ಪಶು ಇಲಾಖೆಗೆ ಹೇಳಿ. ಕ್ಲಾಸಿಕಲ್ ಹಂದಿ ಜ್ವರ ಅನ್ನೋದು ಬೇರೆ ರೋಗ, ಅದಕ್ಕೆ ಲಸಿಕೆ ಇದೆ, ಅನುಮತಿ ಇರೋ ಕಡೆ ಹಾಕಿಸಿ.

ಬಯಲಲ್ಲಿ ಸಾಕೋರಿಗೆ ದಿನನಿತ್ಯದ ಶತ್ರು ಜಂತುಹುಳ. ಉರುಟು ಹುಳದ ಮೊಟ್ಟೆ ಮಣ್ಣಲ್ಲಿ ವರ್ಷಗಟ್ಲೆ ಇರತ್ತೆ. ಶ್ವಾಸಕೋಶದ ಹುಳ ಎರೆಹುಳದ ಹೊಟ್ಟೆಯಿಂದ ಬರತ್ತೆ, ಮಣ್ಣು ಉಳೋ ಹಂದಿಗೆ ಎರೆಹುಳ ತಿನ್ನಬೇಡ ಅನ್ನೋಕೆ ಆಗತ್ತಾ, ಮರಿ ಕೆಮ್ಮೋಕೆ ಶುರು ಮಾಡಿ ಮೈ ಹಿಡಿಯದೆ ಹೋದ್ರೆ ಇದೇ ಅನುಮಾನ ಇರ್ಲಿ. ಸಗಣಿ ಪರೀಕ್ಷೆ ಮಾಡಿಸಿ ಡಾಕ್ಟರ್ ಹೇಳಿದ ಔಷಧಿ ಮೇವಲ್ಲಿ ಬೆರೆಸಿ, ಕೊಟ್ಟ ತಾರೀಕು ಗೋಡೆ ಮೇಲೆ ಬರೀರಿ, ಔಷಧಿ ಕೊಟ್ಟು ಎಷ್ಟು ದಿನದ ತನಕ ಕಡಿಯಬಾರದು ಅಂತ ಬಾಟಲಿ ಮೇಲೆ ಇರತ್ತೆ. ಮೈ ಉಜ್ಜಿ ಉಜ್ಜಿ ಕೂದಲು ಉದುರಿದ್ರೆ ಕಜ್ಜಿ. ಚರ್ಮದ ಮೇಲೆ ಚೌಕ ಚೌಕ ಕೆಂಪು ಬಾವು ಬಂದ್ರೆ ಎರಿಸಿಪೆಲಾಸ್ ಅನ್ನೋ ಬ್ಯಾಕ್ಟೀರಿಯಾ ರೋಗ, ಪೆನ್ಸಿಲಿನ್‌ಗೆ ಕೇಳತ್ತೆ, ಕೈಯಲ್ಲಿ ಗಾಯ ಇದ್ರೆ ನಿಮಗೂ ಅಂಟತ್ತೆ. ಫಾರ್ಮಲ್ಲಿ ಕೆಲಸದೋರಿಗೆ ಟಾಯ್ಲೆಟ್ ಇರ್ಲೇಬೇಕು, ಲಾಡಿಹುಳದ ಚಕ್ರ ಮನುಷ್ಯನ ಮಲದಿಂದಲೇ ಹಂದಿಗೆ ಹೋಗೋದು.

ತೂಗೋದು, ಹಿಡಿಯೋದು, ಕಡಿಯೋದು

ಆ ಚಿಕ್ಕ ದೊಡ್ಡಿ ನೆನಪಿದ್ಯಾ. ದಿನಾ ಒಳಗೆ ಬಂದು ತಿಂದು ಅಭ್ಯಾಸ ಆದ ಹಂದಿಗೆ ಒಂದಿನ ಹಿಂದೆ ಗೇಟ್ ಮುಚ್ಚಿದ್ರೆ ಗೊತ್ತೇ ಆಗಲ್ಲ. ದೊಡ್ಡಿಯಿಂದ ತೂಕದ ಪಂಜರಕ್ಕೆ ಕಿರಿದಾದ ದಾರಿ, ಪಕ್ಕದ ಗೋಡೆ ಹಲಗೆಯದ್ದಾಗಿರ್ಲಿ, ಕಂಡಿ ಇದ್ರೆ ಕಂಡಿ ಕಡೆಗೇ ನುಗ್ಗತ್ತೆ. ಕೈಯಲ್ಲಿ ದೊಡ್ಡ ಹಲಗೆ ಹಿಡ್ಕೊಂಡೇ ಒಳಗೆ ಹೋಗಿ, ಒಬ್ಬರೇ ಹೋಗ್ಬೇಡಿ. ಗಂಡಿನ ಕೆಳಗಿನ ಕೋರೆ ಸಾಯೋತನಕ ಬೆಳೀತಾನೇ ಇರತ್ತೆ, ಮೇಲಿನ ಕೋರೆಗೆ ಉಜ್ಜಿ ಉಜ್ಜಿ ಚಾಕು ಆಗಿರತ್ತೆ, ಅದು ಬೀಸೋದು ನಿಮ್ಮ ತೊಡೆಗೆ ಸರಿಯಾಗಿ. ತಕ್ಕಡಿ ಇಲ್ಲ ಅಂದ್ರೆ ಟೇಪ್ ಅಳತೆ ಇದೆ, ಮುಂಗಾಲ ಹಿಂದಿನ ಎದೆ ಸುತ್ತಳತೆ ಮೀಟರಲ್ಲಿ, ಅದನ್ನ ಅದರಿಂದಲೇ ಗುಣಿಸಿ, ಕಿವಿ ನಡುವಿಂದ ಬಾಲದ ಬುಡದ ಉದ್ದದಿಂದ ಗುಣಿಸಿ, ಕೊನೆಗೆ 69ರಿಂದ ಗುಣಿಸಿದ್ರೆ ಕೆಜಿ. ಒಂದು ಮೀಟರ್ ಸುತ್ತ, 1.05 ಉದ್ದ ಅಂದ್ರೆ 72 ಕೆಜಿ. ಇದು ಫಾರ್ಮ್ ಹಂದಿಗೆ ಮಾಡಿದ ಲೆಕ್ಕ, ಕಾಡುಹಂದಿಗೆ ಮುಂಭಾಗ ದಪ್ಪ ಹಿಂಭಾಗ ಸಣ್ಣ, ಹಾಗಾಗಿ ಬಂದಿದ್ದಕ್ಕಿಂತ ಸ್ವಲ್ಪ ಕಮ್ಮಿನೇ ಇರತ್ತೆ ಅಂತಿಟ್ಕೊಳ್ಳಿ.

ಗಂಡಿನ ಮಾಂಸಕ್ಕೆ ಉಚ್ಚೆ ಬೆವರು ಸೇರಿದಂಥ ಒಂದು ನಾತ ಬರತ್ತೆ, ಆಂಡ್ರೋಸ್ಟೆನೋನ್, ಸ್ಕಟೋಲ್ ಅನ್ನೋ ಎರಡು ವಸ್ತು ನೆಣದಲ್ಲಿ ಸೇರೋದ್ರಿಂದ. ಸಾಮಾನ್ಯವಾಗಿ ಮಾಡೋ ದಾರಿ ಎರಡು, ಬೆದೆ ಕಟ್ಟೋ ವಯಸ್ಸಿಗೆ ಮುಂಚೆ ಕಡಿಯೋದು, ಇಲ್ಲ ಮರಿ ಇದ್ದಾಗಲೇ ಡಾಕ್ಟರ್ ಕೈಯಿಂದ ನೋವಿನ ಮದ್ದು ಕೊಡಿಸಿ ಬೀಜ ತೆಗೆಸೋದು. ಕಡಿದ ಮೇಲೆ ಪರೀಕ್ಷೆ ಮಾಡೋಕೆ ಒಂದು ಚೂರು ನೆಣ ಬಿಸಿ ಬಾಣಲೆಗೆ ಹಾಕಿ ಮೂಸಿ. ತಮಾಷೆ ಅಂದ್ರೆ ಕೆಲವರ ಮೂಗಿಗೆ ಆಂಡ್ರೋಸ್ಟೆನೋನ್ ವಾಸನೆ ಹುಟ್ಟಿನಿಂದಲೇ ತಿಳಿಯಲ್ಲ, ನಂಗೂ ತಿಳಿಯಲ್ಲ, ಮೂಸೋ ಕೆಲಸ ನನ್ನ ಹೆಂಡ್ತಿದು.

ಕಡಿಯೋ ಹಿಂದಿನ ರಾತ್ರಿ ಮೇವು ಬೇಡ, ನೀರು ಇರ್ಲಿ. ಲಾರಿ ಹತ್ತಿಸಿ ದೂರ ಸಾಗಿಸಿ, ಗೊತ್ತಿಲ್ಲದ ಹಂದಿಗಳ ಜೊತೆ ಕೂಡಿ ಹಾಕಿ ಕಾದಾಡಿಸಿದ್ರೆ ಸ್ನಾಯುವಿನ ಸಕ್ಕರೆ ಖರ್ಚಾಗಿ ಮಾಂಸ ಕಪ್ಪಗೆ, ಗಟ್ಟಿ, ಬೇಗ ಕೆಡೋ ಹಾಗಾಗತ್ತೆ. ಒಂದೂವರೆ ವರ್ಷ ನಿಧಾನಕ್ಕೆ ಬೆಳೆಸಿದ್ದನ್ನ ಕೊನೇ ಎರಡು ಗಂಟೆಯಲ್ಲಿ ಹಾಳು ಮಾಡ್ಕೊಳ್ಳೋರು ಎಷ್ಟೋ ಜನ. ಅನುಮತಿ ಇರೋ ದೇಶಗಳಲ್ಲಿ ಅದಕ್ಕೇ ಅದು ತಿಂತಿರೋ ಜಾಗದಲ್ಲೇ ಗುಂಡು ಹೊಡೆಯೋ ಪದ್ಧತಿ ಇದೆ. ಇಲ್ಲ ಅಂದ್ರೆ ಹತ್ತಿರದ ಕಸಾಯಿಖಾನೆಗೆ, ಒಟ್ಟಿಗೆ ಬೆಳೆದದ್ದನ್ನ ಒಟ್ಟಿಗೇ ಕಳ್ಸಿ.

70 ಕೆಜಿ ಹಂದಿಗೆ ತಲೆ, ಕರುಳು, ಚರ್ಮ ಎಷ್ಟು ತೆಗಿತೀರಿ ಅನ್ನೋದರ ಮೇಲೆ 45-50 ಕೆಜಿ ಸಿಗತ್ತೆ. ಒಂದು ದಿನದೊಳಗೆ 4 ಡಿಗ್ರಿಗೆ ತಣ್ಣಗೆ ಮಾಡಿ, ಐದಾರು ದಿನ ನೇತು ಹಾಕಿದ್ರೆ ಮೆತ್ತಗಾಗತ್ತೆ. ಮಾಂಸದಲ್ಲಿದ್ದು ತಿಂದೋರಿಗೂ ಅಂಟೋ ಟ್ರೈಕಿನೆಲ್ಲಾ ಅನ್ನೋ ಹುಳದ ಪರೀಕ್ಷೆಗೆ ಸ್ನಾಯುವಿನ ತುಂಡು ಲ್ಯಾಬಿಗೆ ಕಳಿಸೋದನ್ನ ಮರೀಬೇಡಿ, ಫ್ರೀಜರಲ್ಲಿಟ್ರೆ ಸಾಯತ್ತೆ ಅನ್ನೋದು ಫಾರ್ಮ್ ಹಂದಿಯ ಹುಳಕ್ಕೆ ನಿಜ, ಕಾಡುಪ್ರಾಣಿಗಳಲ್ಲಿ ಇರೋ ಕೆಲವು ಜಾತಿ ಹುಳ ಚಳಿಗೆ ಜಗ್ಗಲ್ಲ. ಬೇಯಿಸುವಾಗ ತುಂಡಿನ ನಡುವೆ 71 ಡಿಗ್ರಿ ಮುಟ್ಟಬೇಕು. ನೆಣ ಕಮ್ಮಿ ಇರೋದ್ರಿಂದ ಜೋರು ಉರಿಗೆ ಇಟ್ರೆ ಚಪ್ಪಲಿ ಥರ ಆಗತ್ತೆ, ಭುಜ, ತೊಡೆ ಎಲ್ಲ ಸಣ್ಣ ಉರಿಯಲ್ಲಿ ಮುಚ್ಚಳ ಮುಚ್ಚಿ ಎರಡು ಮೂರು ಗಂಟೆ, ಬೆನ್ನಿನ ಎಳೆ ಮಾಂಸ ಮಾತ್ರ ಬೇಗ ಆಗತ್ತೆ, ಕೊಂಡೋರಿಗೆ ಇದನ್ನ ಬಾಯಿಬಿಟ್ಟು ಹೇಳಿ ಕಳ್ಸಿ.